ಸದ್ದು ಹೆಚ್ಚಿಸುವ ಮೊದಲು

☸️ ಇಂದಿನ ಧಮ್ಮ ಚಿಂತನೆ ☸️
(ಮಾಚೇನಹಳ್ಳಿಯ ನಮ್ಮ ಅಧ್ಯಯನ ಬಳಗದಿಂದ)

ಕಳೆದ ಭಾನುವಾರ ಓದು ಮುಗಿಸಿ ಟೀ ಕುಡಿಯುವಾಗ ಬಳಗದ ಒಬ್ಬ ತಮ್ಮ ಕೇಳಿದ: "ಅಣ್ಣಾ, ಈ ಸಲ ಬೋನಸ್ ಬಂದ್ರೆ ಹಳೇ ಹೋಮ್ ಥಿಯೇಟರ್ ಕೊಟ್ಟು ಹೊಸದು ತಗೋಬೇಕು ಅಂತಿದೀನಿ. ತೃಷ್ಣೆ ಬಿಡಬೇಕು ಅಂತ ಓದ್ತೀವಲ್ಲ, ಇದೂ ತೃಷ್ಣೆನಾ? ತಗೊಂಡ್ರೆ ತಪ್ಪಾ?"

ಸುತ್ತ ಕೂತವರು ನಕ್ಕರು. ನನಗೆ ನಗು ಬರಲಿಲ್ಲ. ಎರಡು ವರ್ಷದ ಹಿಂದೆ ಇದೇ ಪ್ರಶ್ನೆ ನಮ್ಮ ಮನೆಯಲ್ಲೂ ಎದ್ದಿತ್ತು. ಅಂದು ಆ ತಮ್ಮನಿಗೆ "ತಪ್ಪಲ್ಲ" ಎಂದಷ್ಟೇ ಹೇಳಿದೆ. ಅದು ಅರ್ಧ ಉತ್ತರ. ಉಳಿದ ಅರ್ಧವನ್ನು ಇಂದು ಎಲ್ಲರ ಜೊತೆ ಹಂಚಿಕೊಳ್ಳುತ್ತೇನೆ.

ಮೊದಲು, ಏಕೆ ತಪ್ಪಲ್ಲ ಎಂದು ನೋಡೋಣ.

ಬಾಬಾಸಾಹೇಬರು 1950ರಲ್ಲಿ ಮಹಾಬೋಧಿ ಪತ್ರಿಕೆಗೆ ಬರೆದ ಲೇಖನದಲ್ಲಿ ಒಂದು ಧರ್ಮಕ್ಕೆ ಇರಬೇಕಾದ ಲಕ್ಷಣಗಳನ್ನು ಹೇಳುತ್ತಾರೆ. ಧರ್ಮ ಬಡತನವನ್ನು ಪವಿತ್ರ ಎಂದು ಹೊಗಳಬಾರದು ಎಂಬುದು ಅವುಗಳಲ್ಲಿ ಒಂದು. 1957ರಲ್ಲಿ, ಅವರ ಪರಿನಿಬ್ಬಾಣದ ನಂತರ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ತೃಷ್ಣೆಯ ಬಗ್ಗೆ ಬರೆಯುವಾಗಲೂ ಇದನ್ನೇ ಬಿಡಿಸಿ ಹೇಳುತ್ತಾರೆ. ಸಂತೃಪ್ತಿ ಎಂದರೆ ಇದ್ದ ಸ್ಥಿತಿಗೆ ತಲೆಬಾಗಿ ಕೂರುವುದಲ್ಲ. ಕಷ್ಟದಲ್ಲಿರುವವನು ತನ್ನ ಸ್ಥಿತಿ ಬದಲಿಸಿಕೊಳ್ಳಬಾರದು ಎಂದು ಬುದ್ಧರು ಹೇಳಲಿಲ್ಲ. ಮಿತಿಯಿಲ್ಲದ ಲೋಭ ನಮ್ಮ ಮೇಲೆ ಸವಾರಿ ಮಾಡದಂತೆ ನೋಡಿಕೊಳ್ಳಬೇಕು, ಅಷ್ಟೇ.

ನಮ್ಮ ತಾತ ತಮಟೆ ಬಡಿಯುತ್ತಿದ್ದರು. ಊರ ಜಾತ್ರೆಗೂ ಅವರೇ, ಊರ ಸಾವಿಗೂ ಅವರೇ. ಬಡಿಯುವ ಕೈ ನಮ್ಮದು, ಗುಡಿಯೊಳಗೆ ಹೋಗುವ ಕಾಲು ಬೇರೆಯವರದು. ಬೇಡ ಎನ್ನುವ ಹಕ್ಕು ಅವರಿಗಿರಲಿಲ್ಲ. ಅಂಥ ಮನೆಯ ಮೊಮ್ಮಗ ತನ್ನ ದುಡಿಮೆಯ ಹಣದಲ್ಲಿ, ತನ್ನ ಹಾಲ್‌ನಲ್ಲಿ, ತನಗೆ ಬೇಕಾದ ಹಾಡನ್ನು ಬೇಕಾದಾಗ ಕೇಳುತ್ತಾನೆ ಎಂದರೆ ಅದು ಸಣ್ಣ ಮಾತಲ್ಲ. ನಾವು ದಿನವೂ ತೆಗೆದುಕೊಳ್ಳುವ ಪಂಚಶೀಲದಲ್ಲಿ ಸಂಗೀತ ಕೇಳಬಾರದು ಎಂಬ ಶೀಲವಿಲ್ಲ. ಹುಣ್ಣಿಮೆಯ ಉಪೋಸಥದಂದು ಅಷ್ಟಶೀಲ ಪಾಲಿಸುವವರು ಆ ಒಂದು ದಿನ ಹಾಡು, ಕುಣಿತ, ಆಟ ನೋಡುವುದನ್ನು ಬಿಡುತ್ತಾರೆ. ಉಳಿದ ದಿನ ಹಾಡು ಕೇಳಿದರೆ ಪಾಪವಿಲ್ಲ.

ಈಗ ನಮ್ಮ ಮನೆಯ ಕಥೆ.

ನಮ್ಮ ಮನೆಯಲ್ಲಿರುವುದು ಹಳೆಯ 5.1 ಸೆಟ್. ಐದು ಸಣ್ಣ ಸ್ಪೀಕರ್, ಒಂದು ಊಫರ್. ಮದುವೆಯಾದ ಹೊಸದರಲ್ಲಿ ತಂದದ್ದು. ಎರಡು ವರ್ಷದ ಹಿಂದೆ ಅದರ ಮೇಲೆ ನನಗೆ ಅಸಮಾಧಾನ ಶುರುವಾಯಿತು. ಸಿನಿಮಾ ನೋಡುವಾಗ ಫೈಟ್ ಬಂದರೆ ಕಿಟಕಿ ಅದುರುತ್ತದೆ, ಮಾತು ಬಂದರೆ ಏನೆಂದು ತಿಳಿಯುವುದಿಲ್ಲ. ಅಪ್ಪಾಜಿಗಂತೂ ಒಂದು ಮಾತೂ ಹತ್ತುತ್ತಿರಲಿಲ್ಲ. ಅವರು ರಿಮೋಟ್ ಹಿಡಿದು ವಾಲ್ಯೂಮ್ ಏರಿಸುತ್ತಿದ್ದರು, ನಾನು ಇಳಿಸುತ್ತಿದ್ದೆ. ಮಗಳು ಎಸ್ಸೆಸ್ಸೆಲ್ಸಿ. "ಓದೋಕೆ ಆಗಲ್ಲ" ಎಂದು ಅವಳ ಗೋಳು ಬೇರೆ.

ಅದೇ ಸಮಯಕ್ಕೆ ಭದ್ರಾವತಿಯಲ್ಲಿರುವ ನನ್ನ ಭಾವ ಹೊಸ ಸೌಂಡ್‌ಬಾರ್ ತಂದರು. ಒಂದು ಸಂಜೆ ಅಲ್ಲಿ ಕೂತು ಕೇಳಿ ಬಂದೆ. ಮಳೆಯ ಸದ್ದು ತಲೆಯ ಮೇಲಿಂದಲೇ ಬಂದ ಹಾಗಿತ್ತು. ಮನೆಗೆ ಬಂದ ಮೇಲೆ ನಮ್ಮ ಸೆಟ್ ಡಬ್ಬದ ಹಾಗೆ ಕೇಳಿಸಿತು. ಗಮನಿಸಿ, ಸೆಟ್ ಬದಲಾಗಿರಲಿಲ್ಲ. ಬದಲಾದದ್ದು ನನ್ನ ಮನಸ್ಸು.

ಮರುವಾರ ಬಿ.ಎಚ್. ರಸ್ತೆಯ ಒಂದು ಅಂಗಡಿಗೆ ಹೋದೆ. ತಿಂಗಳಿಗೆ 2,900 ರೂಪಾಯಿಯಂತೆ 12 ಕಂತು, ಬಡ್ಡಿಯೇ ಇಲ್ಲ ಎಂದರು. "ನಗದು ಕೊಟ್ಟರೆ ಎಷ್ಟು?" ಎಂದು ಕೇಳಿದೆ. "31,500ಕ್ಕೆ ಕೊಡ್ತೀವಿ" ಎಂದರು. ಕಂತಿನ ಲೆಕ್ಕ ಹಾಕಿದರೆ 34,800 ಆಗುತ್ತದೆ. ನಡುವಿನ 3,300 ರೂಪಾಯಿಗೆ ಏನು ಹೆಸರಿಡಬೇಕು? ಬಡ್ಡಿ ಎಂಬ ಪದವನ್ನು ಬಿಟ್ಟಿದ್ದಾರೆ, ಬಡ್ಡಿಯನ್ನು ಬಿಟ್ಟಿಲ್ಲ.

ಆದರೂ ಆಸೆ ಹೋಗಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ: "ಅಪ್ಪಾಜಿಗೆ ಮಾತು ಕೇಳಿಸಲ್ಲ ಅಂತಾರಲ್ಲ, ಅವರಿಗೋಸ್ಕರ ಆದ್ರೂ ತರೋಣ."

ಅವಳು ಗಾರ್ಮೆಂಟ್ಸ್ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ಊಟದ ಡಬ್ಬಿ ತೊಳೆಯುತ್ತಲೇ ಹೇಳಿದಳು: "ರೀ, ಮಾವ ಟಿವಿ ಹತ್ರ ಬಂದು ಕೂತು ಎರಡು ತಿಂಗಳಾಯ್ತು. ನೀವು ನೋಡೇ ಇಲ್ವಾ?"

ನಿಜ, ನಾನು ನೋಡಿರಲಿಲ್ಲ. ಒಂದು ದಿನ ಮಗಳ ಎದುರಿಗೇ "ಎಷ್ಟು ಸಲ ಹೇಳೋದು ಅಪ್ಪಾಜಿ, ಕಿವಿ ತೂತು ಬೀಳೋ ಹಾಗೆ ಇಡಬೇಡಿ" ಎಂದು ರೇಗಿದ್ದೆ. ಅಂದಿನಿಂದ ಅವರು ಹಾಲ್‌ಗೆ ಬರುವುದನ್ನು ನಿಲ್ಲಿಸಿ ಹೊರಗೆ ಜಗಲಿಯ ಮೇಲೆ ಕೂರುತ್ತಿದ್ದರು. ಗಾಳಿಗೆ ಕೂತಿದ್ದಾರೆ ಎಂದುಕೊಂಡಿದ್ದೆ.

ಅಂದು ರಾತ್ರಿ ಜಗಲಿಗೆ ಹೋಗಿ ಪಕ್ಕದಲ್ಲಿ ಕೂತು ಕೇಳಿದೆ. ಅವರು ಹೇಳಿದ್ದು ಇಷ್ಟು: "ಸದ್ದು ಕೇಳ್ತದೆ ಮಗ. ಏನಂದ್ರು ಅಂತ ಗೊತ್ತಾಗಲ್ಲ."

ಬಂಧುಗಳೇ, ಈ ಮಾತಿನಲ್ಲೇ ರೋಗದ ಗುರುತಿತ್ತು. ಅಪ್ಪಾಜಿ ಮೂವತ್ತೊಂದು ವರ್ಷ ಫೌಂಡ್ರಿಯಲ್ಲಿ ದುಡಿದವರು. ಎರಕದ ಅಚ್ಚು ಒಡೆದು ಮರಳು ಉದುರಿಸುವ ಜಾಗ, ಆಮೇಲೆ ಗ್ರೈಂಡಿಂಗ್. ಕಿವಿಗೆ ಹತ್ತಿಯೇ ರಕ್ಷಣೆ. ದಿನಕ್ಕೆ 8 ಗಂಟೆ ಕೇಳುವ ಸದ್ದು 85 ಡೆಸಿಬೆಲ್ ದಾಟಬಾರದು, 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕೆ ಇಳಿಯಬೇಕು ಎಂಬುದು ಕಾರ್ಮಿಕರ ಆರೋಗ್ಯ ಬಲ್ಲ ತಜ್ಞರ ಲೆಕ್ಕ. 100 ಡೆಸಿಬೆಲ್ ಸದ್ದಿಗೆ ಬರೀ 15 ನಿಮಿಷ. ಅಷ್ಟು ಸದ್ದಿನ ನಡುವೆ ನಮ್ಮ ಹಿರಿಯರು ಇಡೀ ಪಾಳಿ ನಿಂತಿದ್ದಾರೆ.

ಸದ್ದಿನಿಂದ ಹಾಳಾಗುವ ಕಿವಿಯಲ್ಲಿ ಮೊದಲು ಸಾಯುವುದು ತೀಕ್ಷ್ಣ ಸ್ವರಗಳನ್ನು ಹಿಡಿಯುವ ಸೂಕ್ಷ್ಮ ಕೋಶಗಳು. ಅವು ಮತ್ತೆ ಹುಟ್ಟುವುದಿಲ್ಲ. ಅ, ಆ, ಓ ಎಂಬ ಸ್ವರಗಳು ಕೇಳುತ್ತವೆ. ಸ, ಶ, ತ, ಕ ಇಂಥ ವ್ಯಂಜನಗಳು ಮಾಯವಾಗುತ್ತವೆ. ಹಾಗಾಗಿ ಮಾತು ಕಿವಿಗೆ ಬೀಳುತ್ತದೆ, ಅರ್ಥವಾಗುವುದಿಲ್ಲ. ಮಕ್ಕಳ ಸಣ್ಣ ದನಿಯಂತೂ ಇನ್ನೂ ಕಷ್ಟ. ವಾಲ್ಯೂಮ್ ಏರಿಸಿದರೆ ಕೇಳುತ್ತಿದ್ದದ್ದೇ ಜೋರಾಗುತ್ತದೆ, ಕೇಳದಿದ್ದದ್ದು ಹಾಗೇ ಉಳಿಯುತ್ತದೆ. 34,800 ರೂಪಾಯಿಯ ಸೆಟ್ ತಂದಿದ್ದರೂ ಅಪ್ಪಾಜಿಗೆ "ಸದ್ದು ಕೇಳ್ತದೆ, ಮಾತು ಗೊತ್ತಾಗಲ್ಲ" ಎಂಬುದೇ ಗತಿ.

ಇದನ್ನೇ ಅಲ್ಲವೇ ನಾವು ಪ್ರತಿ ವಾರ ಓದುವುದು? ದುಃಖವಿದೆ, ದುಃಖಕ್ಕೆ ಕಾರಣವಿದೆ. ಕಾರಣ ಹುಡುಕದೆ ಪರಿಹಾರಕ್ಕೆ ಓಡಿದರೆ ನಾವು ಕೊಳ್ಳುವುದು ಬೇರೆ ಯಾರದೋ ಪರಿಹಾರವನ್ನು. ನಾನು ನನ್ನ ಆಸೆಗೆ ಅಪ್ಪಾಜಿಯ ಹೆಸರು ಹಚ್ಚಿದ್ದೆ. ತೃಷ್ಣೆ ಬರುವಾಗ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಕರುಣೆಯ ಅಂಗಿ ತೊಟ್ಟು ಬರುತ್ತದೆ.

ಮುಂದೆ ಮಾಡಿದ್ದು ಎರಡು ಕೆಲಸ.

ಒಂದು, ಸರ್ಕಾರಿ ಆಸ್ಪತ್ರೆಯಲ್ಲಿ ಅಪ್ಪಾಜಿಗೆ ಕಿವಿ ಪರೀಕ್ಷೆ. ವೈದ್ಯರು ನೋಡಿ ಶ್ರವಣ ಸಾಧನ ಹಾಕಿಸಿ ಎಂದರು. ನಿಮ್ಮ ಮನೆಯ ಹಿರಿಯರಿಗೂ ಇಂಥ ತೊಂದರೆ ಇದ್ದರೆ ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ತೋರಿಸಿ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ. ಆದಾಯ ಮಿತಿ ಮತ್ತು ಪ್ರಮಾಣಪತ್ರದ ನಿಯಮಗಳೊಳಗೆ ಬರುವವರಿಗೆ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಶ್ರವಣ ಸಾಧನಕ್ಕೆ ನೆರವೂ ಸಿಗುತ್ತದೆ. ಕೇಳಲು ನಾಚಿಕೆ ಬೇಡ, ಅದು ಹಕ್ಕು.

ಎರಡು, ಹಳೆಯ ಸೆಟ್ಟನ್ನೇ ಸರಿಯಾಗಿ ನೋಡಿದ್ದು. 5.1ರಲ್ಲಿ ಮಾತು ಹೆಚ್ಚಾಗಿ ಬರುವುದು ನಡುವಿನ ಸ್ಪೀಕರ್‌ನಿಂದ. ನಮ್ಮದು ಷೋಕೇಸಿನ ಕೆಳಗಿನ ಖಾನೆಯಲ್ಲಿ, ಗಾಜಿನ ಬಾಗಿಲ ಹಿಂದೆ ಕೂತಿತ್ತು! ಟಿವಿಯಿಂದ ಬಂದದ್ದು ಹಳೆಯ ಆಕ್ಸ್ ವೈರು. ಅದರಲ್ಲಿ ಎಡ-ಬಲ ಎರಡೇ ಚಾನೆಲ್ ಹೋಗುತ್ತವೆ. ಸ್ಪೀಕರನ್ನು ಟಿವಿಯ ಕೆಳಗೆ, ಕೂತವರ ಕಿವಿಯ ಕಡೆಗೆ ತಿರುಗಿಸಿ ಇಟ್ಟೆವು. ಆಪ್ಟಿಕಲ್ ವೈರು ಹಾಕಿದೆವು. ಮೂಲೆಯಲ್ಲಿದ್ದ ಊಫರನ್ನು ಈಚೆ ತಂದೆವು, ಕಿಟಕಿಗೆ ದಪ್ಪ ಪರದೆ ಕಟ್ಟಿದೆವು. ಖರ್ಚು ಸಾವಿರ ರೂಪಾಯಿ ದಾಟಲಿಲ್ಲ. ಮಾತು ಬಿಡಿಬಿಡಿಯಾಗಿ ಕೇಳತೊಡಗಿತು. ಇನ್ನೊಂದು ವಿಷಯ. ಡಬ್ಬದ ಮೇಲೆ ವ್ಯಾಟ್ ಎರಡರಷ್ಟು ಬರೆದಿದ್ದರೆ ಸದ್ದು ಎರಡರಷ್ಟು ಆಗುವುದಿಲ್ಲ. ಏರುವುದು ಬರೀ 3 ಡೆಸಿಬೆಲ್. ಕಿವಿಗೆ ದುಪ್ಪಟ್ಟು ಅನ್ನಿಸಬೇಕಾದರೆ ಹೆಚ್ಚುಕಡಿಮೆ ಹತ್ತು ಪಟ್ಟು ವ್ಯಾಟ್ ಬೇಕು.

ಇನ್ನು ಹಣದ ಮಾತು. ಬುದ್ಧರು ದೀಘಜಾಣು ಎಂಬ ಗೃಹಸ್ಥನಿಗೆ ಹೇಳಿದ ಉಪದೇಶ ನೆನಪಿರಲಿ. ತಕ್ಕಡಿ ಹಿಡಿದವನಿಗೆ ಯಾವ ತಟ್ಟೆ ಎಷ್ಟು ಇಳಿದಿದೆ ಎಂದು ತಿಳಿದಿರುವ ಹಾಗೆ ಗೃಹಸ್ಥನಿಗೆ ತನ್ನ ಆದಾಯ ಮತ್ತು ಖರ್ಚು ತಿಳಿದಿರಬೇಕು. ಸಣ್ಣ ಆದಾಯದಲ್ಲಿ ದೊಡ್ಡ ಬದುಕು ಮಾಡುವವನು ಅತ್ತಿಯ ಹಣ್ಣಿಗಾಗಿ ಮರವನ್ನೇ ಅಲ್ಲಾಡಿಸುವವನಂತೆ: ತಿನ್ನುವುದು ನಾಲ್ಕು, ಉದುರಿ ಹಾಳಾಗುವುದು ನೂರು. ಆದರೆ ಬುದ್ಧರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಇದ್ದೂ ಉಣ್ಣದ ಜಿಪುಣನನ್ನೂ ಅದೇ ಉಪದೇಶದಲ್ಲಿ ಟೀಕಿಸಿದರು. ಅನಾಥಪಿಂಡಿಕನಿಗೆ ಹೇಳಿದ ಗೃಹಸ್ಥನ ನಾಲ್ಕು ಸುಖಗಳು ಇವು: ನ್ಯಾಯವಾಗಿ ಗಳಿಸಿದ್ದು ಇದೆ ಎಂಬ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ನಿರ್ದೋಷ ನಡತೆಯ ಸುಖ. ಹೊಸ ಸೆಟ್ ಎರಡನೆಯ ಸುಖ ಕೊಡುತ್ತದೆ, ಒಪ್ಪೋಣ. ಆದರೆ ಅದಕ್ಕಾಗಿ ಮೂರನೆಯದನ್ನು ಮಾರಬೇಡಿ. ರಾತ್ರಿ ಹತ್ತರ ಮೇಲೆ ಊಫರ್ ಬಡಿದು ಪಕ್ಕದ ಮನೆಯ ಮಗುವನ್ನು ಎಬ್ಬಿಸಿ ನಾಲ್ಕನೆಯದನ್ನೂ ಕಳೆದುಕೊಳ್ಳಬೇಡಿ.

ಸೋಣ ಎಂಬ ಭಿಕ್ಷುವಿನ ಕಥೆ ನಿಮಗೆ ಗೊತ್ತು. ಶ್ರೀಮಂತರ ಮಗ, ಗೃಹಸ್ಥನಾಗಿದ್ದಾಗ ಒಳ್ಳೆಯ ವೀಣಾವಾದಕ. ಭಿಕ್ಷುವಾದ ಮೇಲೆ ನಡೆದು ನಡೆದು ಧ್ಯಾನ ಮಾಡಿ ಪಾದದಿಂದ ರಕ್ತ ಸುರಿಯಿತು. ಎಲ್ಲ ಬಿಟ್ಟು ಮನೆಗೆ ಹೋಗಿಬಿಡೋಣ ಅನ್ನಿಸಿತು. ಬುದ್ಧರು ಬಂದು ಅವನಿಗೆ ಗೊತ್ತಿದ್ದ ವೀಣೆಯಿಂದಲೇ ಪಾಠ ಹೇಳಿದರು. ತಂತಿ ತೀರಾ ಬಿಗಿಯಾದರೆ ನಾದವಿಲ್ಲ, ತೀರಾ ಸಡಿಲವಾದರೂ ನಾದವಿಲ್ಲ. "ಏನೂ ಕೊಳ್ಳಬಾರದು" ಎಂಬುದು ಬಿಗಿ ತಂತಿ. "ಕಂಡದ್ದೆಲ್ಲ ಕಂತಿನಲ್ಲಿ ತರೋಣ" ಎಂಬುದು ಸಡಿಲ ತಂತಿ. ನಮ್ಮ ಮನೆಯ ತಂತಿ ಎಲ್ಲಿ ನಿಲ್ಲಬೇಕು ಎಂದು ತಿರುಪು ಹಿಡಿದು ನೋಡಬೇಕಾದವರು ನಾವೇ.

ಅಪ್ಪಾಜಿಯ ವಿಷಯ ಇನ್ನೊಂದು ಹೇಳಿ ಮುಗಿಸುತ್ತೇನೆ. ಸಾಧನ ಹಾಕಿದ ಮೊದಲ ತಿಂಗಳು ಅವರಿಗೆ ಹಿಂಸೆಯೇ ಆಯಿತು. ಪಾತ್ರೆಯ ಸದ್ದು, ಫ್ಯಾನಿನ ಸದ್ದು ಎಲ್ಲ ಮೈಮೇಲೆ ಬಿದ್ದ ಹಾಗೆ. ಎರಡು ಸಲ ತೆಗೆದಿಟ್ಟರು. ಈಗಲೂ ಎಲ್ಲ ಮಾತು ಹತ್ತುವುದಿಲ್ಲ. ಆದರೆ ಹಾಲ್‌ಗೆ ಬಂದು ಕೂರುತ್ತಾರೆ.

ಒಂದು ಭಾನುವಾರ ಬಳಗದಿಂದ ಮನೆಗೆ ಹೋಗುವಾಗ ದಾರಿಯಲ್ಲಿ ಹೇಳಿದರು: "ಇಷ್ಟು ವರ್ಷ ನೀವು ಓದಿದ್ದು ನಂಗೆ ಕೇಳ್ತಾ ಇರಲಿಲ್ಲ ಮಗ. ಎಲ್ಲರೂ ಸಾಧು ಅಂದಾಗ ನಾನೂ ಅಂತಿದ್ದೆ."

1970ರ ದಶಕದಲ್ಲಿ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಮತ್ತು ಸಂಗಾತಿಗಳು ದಲಿತ ಸಂಘರ್ಷ ಸಮಿತಿ ಕಟ್ಟುವಾಗ ಸಭೆಗಳಲ್ಲಿ ನಿಂತು ಭಾಷಣ, ಹಾಡು ಕೇಳಿದವರು ನಮ್ಮ ಅಪ್ಪಾಜಿ. ತಾತ ಊರಿಗಾಗಿ ಬಡಿದ ತಮಟೆ ಅಲ್ಲಿ ನಮಗಾಗಿ ಬಡಿಯಿತು ಎಂದು ಈಗಲೂ ಹೇಳುತ್ತಾರೆ. ಅಂಥ ಕಿವಿ ನಮ್ಮ ನಡುವೆಯೇ, ಕೊನೆಯ ಸಾಲಿನಲ್ಲಿ ಒಂಟಿಯಾಗಿ ಕೂತಿತ್ತು. ಧಮ್ಮ ಓದುತ್ತಿದ್ದ ನನಗೇ ಅದು ತಿಳಿಯಲಿಲ್ಲ.

ಹೊಸ ಸೆಟ್ ನಾವು ಇನ್ನೂ ತಂದಿಲ್ಲ. ತರಬಾರದು ಎಂದೇನಿಲ್ಲ. ತಿಂಗಳಿಗೆ ಸ್ವಲ್ಪ ಕೂಡಿಡುತ್ತಿದ್ದೇವೆ. ನಗದು ಕೂಡಿದ ದಿನವೂ ಆಸೆ ಉಳಿದಿದ್ದರೆ ಸಂತೋಷದಿಂದ ತರುತ್ತೇವೆ.

ಇಂದಿನ ಅಭ್ಯಾಸ:

1. ಹೊಸದು ಕೊಳ್ಳುವ ಮೊದಲು ಕೇಳಿಕೊಳ್ಳಿ: ಕೊರತೆ ಇರುವುದು ವಸ್ತುವಿನಲ್ಲೋ, ಅದನ್ನು ಇಟ್ಟ ರೀತಿಯಲ್ಲೋ, ಬೇರೆಯವರ ಮನೆಯಲ್ಲಿ ಕಂಡ ನನ್ನ ಮನಸ್ಸಿನಲ್ಲೋ?
2. ಕಂತಿನ ಒಟ್ಟು ಮೊತ್ತ ಬರೆಯಿರಿ, ಪಕ್ಕದಲ್ಲಿ ನಗದು ಬೆಲೆ ಬರೆಯಿರಿ. ಮನೆಯವರ ಜೊತೆ ಕೂತು ನೋಡಿ.
3. ಇಂದು ಮನೆಯ ಹಿರಿಯರ ಎದುರು ಕೂತು, ಟಿವಿ ಆರಿಸಿ, ಐದು ನಿಮಿಷ ಮಾತಾಡಿ. ಅವರಿಗೆ ಕೇಳುತ್ತಿದೆಯೇ ಗಮನಿಸಿ.

ಈ ಭಾನುವಾರದಿಂದ ನಮ್ಮ ಬಳಗದಲ್ಲಿ ಮೊದಲ ಸಾಲು ಹಿರಿಯರಿಗೆ. ಓದುವವರು ಅವರ ಮುಖ ನೋಡಿ, ನಿಧಾನವಾಗಿ ಓದಬೇಕು.

ಸರ್ವರಿಗೂ ಮಂಗಳವಾಗಲಿ.
ಸಾಧು! ಸಾಧು! ಸಾಧು!

ನಮೋ ಬುದ್ಧಾಯ. ಜೈ ಭೀಮ್. 🙏