ಪರೀಕ್ಷೆಯ ಭಯವೂ ಫಲಾಪೇಕ್ಷೆಯ ಉಪವಾಸವೂ

ಮಾರ್ಚ್ ತಿಂಗಳು ಸಮೀಪಿಸಿದಂತೆ ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಒಂದು ವಿಧವಾದ ಮೌನ ಕವಿಯುತ್ತದೆ. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂತಹ ಗ್ರಾಮಗಳಲ್ಲಿ ಈ ಮೌನಕ್ಕೆ ಭಾರ ಹೆಚ್ಚು. ಮಳೆ ಕಡಿಮೆಯಾದ ಸೀಮೆಯಲ್ಲಿ ಮಗುವಿನ ಅಂಕಪಟ್ಟಿಯೇ ಕುಟುಂಬದ ಮುಂದಿನ ಬೆಳೆಯಾಗಿ ಕಾಣುವುದು ಸಹಜವಷ್ಟೆ. ಇಂತಹ ವೇಳೆಯಲ್ಲಿ ಶ್ರಾವಕರ ಮನೆಯ ತಾಯಿ ಏಕಾಶನ ಹಿಡಿಯುತ್ತಾಳೆ. ಮಗನೂ ಪರೀಕ್ಷೆಯ ದಿನ ಉಪವಾಸವಿರುವುದಾಗಿ ಸಂಕಲ್ಪಿಸುತ್ತಾನೆ. ಈ ವ್ರತವು ಭಯವನ್ನು ಕಳೆಯುವುದೋ ಬೆಳೆಸುವುದೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಶಲ್ಯರಹಿತನಾದವನನ್ನೇ ವ್ರತಿಯೆಂದು ಕರೆಯುತ್ತದೆ. ಮಾಯಾ, ಮಿಥ್ಯಾ, ನಿದಾನ ಎಂಬಿವು ಮೂರು ಶಲ್ಯಗಳು. ವ್ರತಕ್ಕೆ ಪ್ರತಿಯಾಗಿ ಲೌಕಿಕ ಫಲವನ್ನು ಬಯಸುವುದೇ ನಿದಾನ. ಒಂಬತ್ತನೆಯ ಅಧ್ಯಾಯದಲ್ಲಿ ಆರ್ತಧ್ಯಾನದ ನಾಲ್ಕು ಭೇದಗಳನ್ನು ಹೇಳುವಾಗಲೂ ನಿದಾನವು ಮತ್ತೆ ಬರುತ್ತದೆ. ಆಚಾರ್ಯರು ಅದನ್ನು ಅನಿಷ್ಟದ ಚಿಂತೆ, ವೇದನೆಯ ಚಿಂತೆಗಳ ಸಾಲಿನಲ್ಲಿಯೇ ಇರಿಸಿದ್ದಾರೆ. ಅಂಕಕ್ಕಾಗಿ ಉಪವಾಸ ಹಿಡಿದ ಬಾಲಕನಿಗೆ ಒಂದರ ಬದಲು ಎರಡು ಭಯ, ಪ್ರಶ್ನೆಪತ್ರಿಕೆಯದೊಂದು, ವ್ರತಭಂಗದ್ದೊಂದು. ತಾಯಿಯ ಉಪವಾಸವೋ, ಅವನು ತೀರಿಸಲೇಬೇಕಾದ ಸಾಲದಂತೆ ಎದುರಿಗೆ ನಿಲ್ಲುತ್ತದೆ.

ಫಲವಾದರೂ ಯಾರ ವಶದಲ್ಲಿದೆ? 2023ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಚಿತ್ರದುರ್ಗ ಜಿಲ್ಲೆಯು ಶೇಕಡ 96.80 ಫಲಿತಾಂಶದೊಡನೆ ರಾಜ್ಯಕ್ಕೇ ಮೊದಲನೆಯದಾಗಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾದ ಕಣ್ಗಾವಲು ಬಂದಿತು. ಮೊದಲ ಸ್ಥಾನ ಉಡುಪಿಗೆ ಹೋಯಿತು. ರಾಜ್ಯದ ಫಲಿತಾಂಶವು 83.89ರಿಂದ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಕುಂದಿತೆಂದು ಯಾರೂ ಹೇಳರು. ಹಿರಿಯೂರಿನವರಿಗೆ ಇದನ್ನು ವಿವರಿಸಬೇಕಾಗಿಯೂ ಇಲ್ಲ. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಕಟ್ಟಿದವರ ಶ್ರಮದಲ್ಲಿ ಕೊರತೆಯಿತ್ತೆಂದು ಇದರಿಂದ ಹೇಳಲಾದೀತೇ?

ಹಾಗೆಂದು ವ್ರತನಿಯಮಗಳು ವಿದ್ಯಾರ್ಥಿಗೆ ನಿರುಪಯುಕ್ತವೆಂದಲ್ಲ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗೆ ತಕ್ಕಂತೆ ಎಂದೇ ವಿಧಿಸಲಾಗಿದೆ. ಮೂರು ಗಂಟೆ ಕುಳಿತು ಬರೆಯಬೇಕಾದ ಎಳೆಯ ದೇಹಕ್ಕೆ ಅಂದು ಆಹಾರವೇ ಯೋಗ್ಯ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ಮನೆಯ ಮಗುವನ್ನು ನಡುರಾತ್ರಿಯವರೆಗೆ ಹಸಿದು ಓದಿಸುವುದೇಕೆ? ಬೇಗ ಮಲಗಿ ಬೆಳಗಿನ ಜಾವ ಏಳುವುದೇ ನಿಯಮಕ್ಕೂ ನೆನಪಿಗೂ ಹಿತ. ಓದಿದ್ದು ಮನಸ್ಸಿನಲ್ಲಿ ನೆಲೆಗೊಳ್ಳಲು ನಿದ್ರೆ ಬೇಕು. ಕಾಯೋತ್ಸರ್ಗವು ಇನ್ನೂ ಸುಲಭ. ಒಂಬತ್ತು ಣಮೋಕಾರವನ್ನು ಇಪ್ಪತ್ತೇಳು ಉಸಿರುಗಳಲ್ಲಿ ನಿಧಾನವಾಗಿ ಸ್ಮರಿಸಿದರೆ ಉಸಿರು ತಗ್ಗುತ್ತದೆ, ಎದೆಬಡಿತವೂ ತಗ್ಗುತ್ತದೆ. ಪ್ರಶ್ನೆಪತ್ರಿಕೆ ಬರುವ ಮುನ್ನ ಕೊಠಡಿಯಲ್ಲಿ ಕುಳಿತೇ ಇದನ್ನು ಮಾಡಬಹುದು. ಪಕ್ಕದವನಿಗೆ ತಿಳಿಯುವುದೂ ಇಲ್ಲ.

ಆದರೆ ಮಗು ವಾರಗಟ್ಟಲೆ ನಿದ್ರೆಗೆಟ್ಟರೆ, ಅನ್ನ ಬಿಟ್ಟರೆ, ಬದುಕೇ ಬೇಡವೆಂಬ ಮಾತಾಡಿದರೆ ಜಪವೊಂದನ್ನೇ ನೆಚ್ಚಿ ಕೂರಬಾರದು. ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ತಾಯಿಗೆ ಉಪವಾಸದ ಅಪೇಕ್ಷೆಯಿದ್ದರೆ ಎಂದಿನ ಅಷ್ಟಮಿ ಚತುರ್ದಶಿಗಳು ಇದ್ದೇ ಇವೆ. ಅದನ್ನು ಮಗನ ಹೆಸರಿಗೆ ಬರೆಯದೆ, ಅವನಿಗೆ ಹೇಳದೆ ಆಚರಿಸಲಿ; ಪರೀಕ್ಷೆ ಮುಗಿಸಿ ಬಂದವನಿಗೆ, ಎಷ್ಟು ಬರೆದೆ ಎಂದು ಕೇಳುವ ಮೊದಲು ಊಟ ಬಡಿಸಲಿ.