ಸಭೆಯ ಮಾತು, ಸಂತೆಯ ಮಾತು

ಪರಭಾಷೆಯನ್ನು ಕಲಿಯುವವನ ತಪ್ಪನ್ನು ಎಲ್ಲಿ ಅಳೆಯಬೇಕು? ಸಭೆಯಲ್ಲೋ, ಸಂತೆಯಲ್ಲೋ? ಗುಮಟಾಪುರದಂಥ ಗಡಿಯೂರಿನಲ್ಲಿರುವ ನಮಗೆ ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ತಾಳವಾಡಿಯ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ನಮ್ಮ ಮನೆಮಾತು ಕನ್ನಡ, ಕಚೇರಿಯ ಮಾತು ತಮಿಳು. 2006ರ ಕಾನೂನಿನ ತರುವಾಯ ಶಾಲೆಗಳಲ್ಲಿಯೂ ತಮಿಳು ಹಂತಹಂತವಾಗಿ ಕಡ್ಡಾಯ ಪಾಠವಾಯಿತು.

ಸತ್ಯಮಂಗಲದ ಬಸ್ಸಿನಲ್ಲಿ, ಸಂತೆಯಲ್ಲಿ ನಮ್ಮ ಹುಡುಗರು ತಡವರಿಸದೆ ತಮಿಳಾಡುವುದನ್ನು ಕೇಳಿದ್ದೇವೆ. ಅದೇ ಹುಡುಗ ಅಧಿಕಾರಿಯ ಮೇಜಿನೆದುರು ನಿಂತರೆ ಬಲ್ಲ ಮಾತೂ ಗಂಟಲಲ್ಲಿಯೇ ನಿಲ್ಲುತ್ತದೆ. ಕೂಡಲೆ ನಾವು ‘ಇವನಿಗೆ ಭಾಷೆ ಬಾರದು’ ಎಂದು ತೀರ್ಪು ಕೊಡುತ್ತೇವೆ. ಇದು ನ್ಯಾಯವೆ?

ಇಲೇನ್ ಟರೋನ್ ಎಂಬ ಅಮೆರಿಕದ ವಿದುಷಿ ಇಂಗ್ಲಿಷ್ ಕಲಿಯುತ್ತಿದ್ದ ಜಪಾನೀ, ಅರಬ್ಬೀ ಭಾಷಿಕರನ್ನು ಪರೀಕ್ಷಿಸಿ 1985ರಲ್ಲಿ ಫಲವನ್ನು ಪ್ರಕಟಿಸಿದರು. ಕ್ರಿಯಾಪದದ ಕೊನೆಗೆ ಸೇರುವ ‘ಎಸ್’ ವ್ಯಾಕರಣದ ಪರೀಕ್ಷೆಯಲ್ಲಿ ಹೆಚ್ಚು ಶುದ್ಧವಾಗಿತ್ತು. ಆದರೆ ‘ಎ’, ‘ದಿ’ ಎಂಬ ಉಪಪದಗಳೂ ಕರ್ಮಸ್ಥಾನದ ಸರ್ವನಾಮಗಳೂ ಕಥೆ ಹೇಳುವಾಗಲೇ ಹೆಚ್ಚು ಶುದ್ಧವಾಗಿದ್ದವು. ಕೇಳುವವನಿಗೆ ಯಾರು, ಯಾವುದು ಎಂಬುದು ತಿಳಿಯಬೇಕಲ್ಲ. ಆ ಅಗತ್ಯವೇ ಅವನ್ನು ನಾಲಿಗೆಗೆ ತಂದಿರಬೇಕು. ಎಂದಮೇಲೆ ಸಭೆಯ ಎಚ್ಚರವು ಎಲ್ಲವನ್ನೂ ತಿದ್ದುವುದಿಲ್ಲ.

ತಮಿಳಿನಲ್ಲಿ ಇನ್ನೊಂದು ತೊಡಕುಂಟು. ಅಲ್ಲಿ ಬರಹದ ನುಡಿ ಬೇರೆ, ಆಡುನುಡಿ ಬೇರೆ. ‘ಇದೆ’ ಎಂಬುದಕ್ಕೆ ಪುಸ್ತಕದಲ್ಲಿ ‘ಇರುಕ್ಕಿರದು’, ಬೀದಿಯಲ್ಲಿ ‘ಇರುಕ್ಕು’. ಬೀದಿಯ ರೂಪವನ್ನು ಉತ್ತರಪತ್ರಿಕೆಯಲ್ಲಿ ಬರೆದ ಬಾಲಕ ಭಾಷೆಯನ್ನು ಅರಿಯದವನಲ್ಲ, ಅದರ ಸ್ಥಾನವನ್ನು ಅರಿಯದವನು.

ಹಾಗೆಂದು ಶಿಷ್ಟಭಾಷೆಯನ್ನು ಕೈಬಿಡಲಾದೀತೆ? ಕೂಡದು. ಅರ್ಜಿಯಲ್ಲಿ, ನ್ಯಾಯಸ್ಥಾನದಲ್ಲಿ ಅದು ಬಾರದವನ ಹಕ್ಕಿಗೇ ಕುಂದು ಬಂದೀತು. ಆದರೆ ಶಿಷ್ಟತೆ ಬೇರೆ, ಭೀತಿ ಬೇರೆ. ದೀಪಾವಳಿ ಕಳೆದು ಬರುವ ನಮ್ಮೂರ ಗೊರೆಹಬ್ಬದಲ್ಲಿ ಸಗಣಿಯುಂಡೆ ಎಸೆದಾಡುವಾಗ ಯಾರ ಕೊರಳೂ ಕಟ್ಟುವುದಿಲ್ಲ. ಆ ಕೊರಳೇ ಮಾರನೆಯ ದಿನ ತರಗತಿಯಲ್ಲಿ ಕಟ್ಟಿದರೆ, ದೋಷ ಕೊರಳಿನದೆನ್ನಲು ನಾವು ಅಂಜಬೇಕು.

ಉಪಾಧ್ಯಾಯರಾದ ನಾವೂ ಮೇಲಧಿಕಾರಿಗಳ ಮುಂದೆ ತಮಿಳಿನಲ್ಲಿ ತೊದಲಿದವರೇ. ಅಂದು ನಾವು ಬಯಸಿದ ಸೈರಣೆಯನ್ನು ಮಕ್ಕಳಿಗೆ ಕೊಡಲು ಏಕೆ ಹಿಂಜರಿಯಬೇಕು? ಮಗು ಮೊದಲು ತನ್ನ ಕಥೆಯನ್ನು ಹೇಳಿ ಮುಗಿಸಲಿ, ತಿದ್ದುವುದು ಆಮೇಲೆ. ಸಭೆಯ ಮಾತನ್ನೂ ಸಂತೆಯ ಮಾತನ್ನೂ ಎರಡು ತಟ್ಟೆಗಳಲ್ಲಿಟ್ಟು ತೂಗುವವನೇ ಅದರ ಅರಿವನ್ನು ನಿಜವಾಗಿ ಅಳೆದಾನು.