ಕೊಟ್ಟ ಮತ ಯಾರ ಸೊತ್ತು?

ಊರು ಬಿಟ್ಟು ಹೋಗುವವರು ನೆರೆಮನೆಯಲ್ಲಿ ಒಡವೆ ಇಟ್ಟು ಹೋದರೆ ಅದನ್ನು ಅಮಾನತು ಎನ್ನುತ್ತೇವೆ. ಇಟ್ಟುಕೊಂಡವರು ಅದನ್ನು ಕಾಯಬೇಕು. ಮಾರುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ. ಮತವೂ ಇಂಥದೇ ಒಂದು ಅಮಾನತು ಅಲ್ಲವೇ?

ರಾಯಚೂರು ಜಿಲ್ಲೆಯ ಮಸ್ಕಿ ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿತು. ಲಿಂಗಸುಗೂರು, ಸಿಂಧನೂರು ತಾಲೂಕುಗಳ ಹಳ್ಳಿಗಳನ್ನೂ ಒಳಗೊಂಡ ಈ ಕ್ಷೇತ್ರದಲ್ಲಿ 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರವಿಹಾಳರ ವಿರುದ್ಧ ಕೇವಲ 213 ಮತಗಳಿಂದ ಗೆದ್ದರು. 2019ರ ಜುಲೈಯಲ್ಲಿ ರಾಜೀನಾಮೆ ಕೊಟ್ಟ ಶಾಸಕರಲ್ಲಿ ಪಾಟೀಲರೂ ಒಬ್ಬರು. ಸಮ್ಮಿಶ್ರ ಸರಕಾರ ಉರುಳಿತು. ಸಭಾಧ್ಯಕ್ಷರು ಅವರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟು ಆ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅವಕಾಶ ಕೊಟ್ಟಿತು. ಮಸ್ಕಿಯ ಉಪಚುನಾವಣೆ ನಡೆದದ್ದು 2021ರ ಏಪ್ರಿಲಿನಲ್ಲಿ. ಅಲ್ಲಿಯ ತನಕ ಆ ಜನರಿಗೆ ಶಾಸಕರೇ ಇರಲಿಲ್ಲ. 5ಎ ಕಾಲುವೆಗಾಗಿ ರೈತರು ಧರಣಿ ಕುಳಿತಾಗ ಸದನದಲ್ಲಿ ಅವರ ಪರವಾಗಿ ಎದ್ದು ನಿಲ್ಲಬೇಕಾದವರ ಕುರ್ಚಿ ಖಾಲಿ ಇತ್ತು.

ಒಂದು ಕುರ್ಚಿ ಖಾಲಿಯಾದರೆ ಪ್ರಜಾಪ್ರಭುತ್ವ ಸಾಯುವುದಿಲ್ಲ, ನಿಜ. ಆದರೆ ನಿಜವಾಗಿಯೂ ಸತ್ತುಹೋದ ಒಂದು ಪ್ರಜಾಪ್ರಭುತ್ವ ಹೇಗೆ ಸತ್ತಿತೆಂದು ನೋಡೋಣ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ 1919ರಲ್ಲಿ ಉದಾರವಾದ ಸಂವಿಧಾನವೊಂದನ್ನು ಪಡೆಯಿತು. ಅದರ 48ನೇ ವಿಧಿ ತುರ್ತು ಸಂದರ್ಭಕ್ಕೆಂದು ಅಧ್ಯಕ್ಷರಿಗೆ ವಿಶೇಷ ಅಧಿಕಾರ ಕೊಟ್ಟಿತ್ತು. 1930ರಲ್ಲಿ ನಿರುದ್ಯೋಗ ವಿಮೆಯ ವಂತಿಗೆಯ ವಿಷಯದಲ್ಲಿ ಜಗಳವಾಡಿ ಆಳುವ ಪಕ್ಷಗಳು ಬೇರೆಯಾದವು. ಅಲ್ಲಿಂದ ದೇಶ ನಡೆದದ್ದು ಹೆಚ್ಚಾಗಿ ಅಧ್ಯಕ್ಷರ ಆಜ್ಞೆಗಳಿಂದ. 1932ರಲ್ಲಿ ಸುಮಾರು 60 ಲಕ್ಷ ಮಂದಿಗೆ ಕೆಲಸವಿರಲಿಲ್ಲ. ಹಸಿವು ಜನರನ್ನು ನಾಜಿಗಳತ್ತ ನೂಕಿತು ಎಂಬುದು ಅರ್ಧ ಸತ್ಯ. ಆ ವರ್ಷದ ಜುಲೈಯಲ್ಲಿ ಶೇ. 37 ಇದ್ದ ಅವರ ಮತ ನವೆಂಬರಿನಲ್ಲಿ ಶೇ. 33ಕ್ಕೆ ಇಳಿದಿತ್ತು. ಬಹುಮತವಿಲ್ಲದ ಹಿಟ್ಲರನನ್ನು 1933ರ ಜನವರಿ 30ರಂದು ಕುರ್ಚಿಯ ಮೇಲೆ ಕೂರಿಸಿದವರು, ಅವನನ್ನು ಹಿಡಿತದಲ್ಲಿ ಇಟ್ಟುಕೊಳ್ಳಬಹುದೆಂದು ನಂಬಿದ್ದ ಹಿರಿಯ ರಾಜಕಾರಣಿಗಳು. ಮಾರ್ಚ್ 23ರಂದು 444 ಪ್ರತಿನಿಧಿಗಳು ಶಾಸನ ಮಾಡುವ ಅಧಿಕಾರವನ್ನು ಅವನ ಸರಕಾರಕ್ಕೆ ಒಪ್ಪಿಸಿದರು. ಕಮ್ಯುನಿಸ್ಟರನ್ನು ಸದನಕ್ಕೆ ಬರಲು ಬಿಟ್ಟಿರಲಿಲ್ಲ. ವಿರೋಧಿಸಿದವರು 94 ಮಂದಿ ಸೋಶಿಯಲ್ ಡೆಮಾಕ್ರಾಟರು ಮಾತ್ರ. ಉಳಿದವರಲ್ಲಿ ಕೆಲವರಿಗೆ ಭಯವಿತ್ತು, ಕೆಲವರಿಗೆ ಆಸೆಯಿತ್ತು. ಆದರೆ ಅವರು ಕೊಟ್ಟುಬಿಟ್ಟದ್ದು ತಮ್ಮ ಸೊತ್ತಲ್ಲ, ಜನರ ಅಮಾನತು.

ಮಸ್ಕಿಯನ್ನು ಜರ್ಮನಿಯೊಂದಿಗೆ ಹೋಲಿಸುವುದು ಅತಿಯಾಯಿತೆಂದು ಓದುಗರು ಹೇಳಬಹುದು. ಒಪ್ಪುತ್ತೇವೆ. ಪಕ್ಷ ಬದಲಿಸುವುದೂ ಸರ್ವಾಧಿಕಾರಕ್ಕೆ ದಾರಿ ಬಿಡುವುದೂ ಒಂದೇ ಅಲ್ಲ. ಬಹು ದೊಡ್ಡ ವ್ಯತ್ಯಾಸ ಇನ್ನೊಂದಿದೆ: ಮಸ್ಕಿಯ ಜನರಿಗೆ ಲೆಕ್ಕ ಕೇಳುವ ಅವಕಾಶ ಉಳಿದಿತ್ತು. 2021ರಲ್ಲಿ ಅದೇ ಇಬ್ಬರು ಪಕ್ಷ ಅದಲುಬದಲಾಗಿ ಎದುರಾದರು. ತುರವಿಹಾಳರು 30,606 ಮತಗಳಿಂದ ಗೆದ್ದರು. ಜರ್ಮನರಿಗೆ ಆ ಅವಕಾಶ ಮತ್ತೆ ಸಿಗಲು ಇನ್ನೊಂದು ಮಹಾಯುದ್ಧವೇ ಮುಗಿಯಬೇಕಾಯಿತು.

ಹಾಗೆಂದು ನಾವು ನಿಶ್ಚಿಂತರಾಗಿರಬಹುದೇ? ಪಕ್ಷಾಂತರ ತಡೆಯುವ ಕಾನೂನು 1985ರಿಂದಲೂ ನಮ್ಮಲ್ಲಿದೆ. ಆದರೂ ದಾರಿ ಹುಡುಕುವವರಿಗೆ ದಾರಿ ಸಿಗುತ್ತಲೇ ಇದೆ. ಕಾನೂನು ಬೇಲಿ ಹಾಕಬಲ್ಲುದು, ಪ್ರಾಮಾಣಿಕತೆಯನ್ನು ಬಿತ್ತಲಾರದು. ಇನ್ನು, ನೋಟು ಪಡೆದು ಮತ ಹಾಕಿದ ನಾವು ಯಾವ ಮುಖದಿಂದ ಅಮಾನತಿನ ಲೆಕ್ಕ ಕೇಳುವುದು? ಮಾರಿದ ವಸ್ತುವನ್ನು ಅಮಾನತು ಎನ್ನಲಾದೀತೇ?

ಅಶೋಕನ ಹೆಸರನ್ನು ಹೊತ್ತ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಇದೇ ಮಸ್ಕಿಯಲ್ಲಿ. ಒಳಿತನ್ನು ಸಾಧಿಸುವುದು ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಾಧ್ಯವೆಂಬುದು ಅದರ ತಾತ್ಪರ್ಯ. ಪ್ರಜಾಪ್ರಭುತ್ವವನ್ನು ಕಾಯುವ ಕೆಲಸವೂ ಹಾಗೆಯೇ. ಅದನ್ನು ದೊಡ್ಡವರಿಗೆ ಬಿಟ್ಟು ನಾವು ಮಲಗುವಂತಿಲ್ಲ.